ಬಂಡಿ ಕಟ್ಟಿ ಪಶ್ಚಿಮಕ್ಕೆ ಹೋದ ಮುತ್ತಜ್ಜಿಯನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ತಂದೆಯ ಕಡೆ ಧಾರವಾಡ, ತಾಯಿಯ ಕಡೆ ಅಮೆರಿಕದ ಒರೆಗಾನ್ ರಾಜ್ಯ ಇರುವ ಮಕ್ಕಳು ಈಗ ನಮ್ಮಲ್ಲಿ ಅಪರೂಪವೇನಲ್ಲ. ಅಂಥ ಮನೆಯವರು ವಂಶವೃಕ್ಷ ಬರೆಯಲು ಕೂತರೆ, 19ನೇ ಶತಮಾನದಲ್ಲಿ ಎತ್ತಿನ ಬಂಡಿಯಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೋಗಿ ನೆಲೆನಿಂತ ಮುತ್ತಜ್ಜನ ವಿವರ ಬೇಗ ಸಿಗುತ್ತದೆ. ಮುತ್ತಜ್ಜಿಯದು ಸಿಗುವುದಿಲ್ಲ. ಜಮೀನು, ತೆರಿಗೆ, ಮತ ಬಹುಪಾಲು ಗಂಡಸರ ಹೆಸರಿನಲ್ಲಿ. ಮದುವೆಯಾದೊಡನೆ ಅವಳ ಮನೆತನದ ಹೆಸರೂ ಬದಲು. ಆದ್ದರಿಂದ ಸರ್ಕಾರ ಅವಳನ್ನೇ ಕೇಳಿ ಬರೆದುಕೊಳ್ಳಬೇಕಾಗಿ ಬಂದ ಸಂದರ್ಭಗಳನ್ನು ಹುಡುಕಬೇಕು.

1. ಕೊನೆಯಿಂದ ಹಿಂದಕ್ಕೆ ಬನ್ನಿ. ಅವಳ ಮರಣಪತ್ರದ ಜತೆಗೆ ಅವಳ ಎಲ್ಲ ಮಕ್ಕಳ ಮರಣಪತ್ರಗಳನ್ನೂ ತೆಗೆಸಿ. 20ನೇ ಶತಮಾನದ ಪತ್ರಗಳಲ್ಲಿ ತಾಯಿಯ ತವರಿನ ಮನೆತನದ ಹೆಸರಿಗೆ ಸಾಮಾನ್ಯವಾಗಿ ಒಂದು ಅಂಕಣವಿರುತ್ತದೆ. ಒಬ್ಬ ಮಗನದರಲ್ಲಿ ಅದು ಖಾಲಿಯಿದ್ದರೆ ಇನ್ನೊಬ್ಬ ಮಗಳದರಲ್ಲಿ ತುಂಬಿರಬಹುದು.

2. ಜನಗಣತಿ ನೋಡಿ. ವಂಶದಾಖಲೆಗಳ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಇದು ಉಚಿತ. 1850ಕ್ಕಿಂತ ಮೊದಲಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇದೆ. ಮನೆಯ ಉಳಿದವರ ಹೆಸರು ಬರುವುದು 1850ರಿಂದ, ಸಂಬಂಧ ಏನೆಂದು ಬರೆದದ್ದು 1880ರಿಂದ. 1890ರ ಹಾಳೆಗಳು ಬೆಂಕಿ ಅನಾಹುತದ ನಂತರ ಬಹುತೇಕ ಉಳಿದಿಲ್ಲ. 1900 ಮತ್ತು 1910ರ ಗಣತಿಗಳನ್ನು ಮಾತ್ರ ಬಿಡಬೇಡಿ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಆ ಎರಡೂ ವರ್ಷ ತಾಯಂದಿರ ಬಗ್ಗೆ ಕೇಳಿದ್ದರು. ಒಂಬತ್ತಕ್ಕೆ ಐದು ಎಂದಿದ್ದರೆ, ಬೇರೆ ಯಾವ ಕಾಗದದಲ್ಲೂ ಕಾಣದ ನಾಲ್ಕು ಮಕ್ಕಳಿಗಾಗಿ ಚರ್ಚಿನ ಪುಸ್ತಕ, ಸ್ಮಶಾನದ ಪಟ್ಟಿ ತೆರೆಯಬೇಕು.

ಹೆಸರು ಹುಡುಕುವಾಗ ಎಚ್ಚರವಿರಲಿ: ಮೇರಿಯನ್ನು ಪಾಲಿ ಎಂದೂ, ಸಾರಾಳನ್ನು ಸ್ಯಾಲಿ ಎಂದೂ ಕರೆಯುತ್ತಿದ್ದರು. ವಯಸ್ಸು ನಾಲ್ಕೈದು ವರ್ಷ ಆಚೀಚೆ ಇದ್ದರೂ ಬಿಟ್ಟುಬಿಡಬೇಡಿ.

3. ಜಮೀನಿನ ಕಡತ ತರಿಸಿ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ, ಅಂದರೆ ನೆಲೆನಿಂತು ಸಾಗುವಳಿ ಮಾಡುವವರಿಗೆ ಸರ್ಕಾರಿ ಜಮೀನು ಕೊಡುವ ಕಾನೂನಿನಡಿ, 160 ಎಕರೆಗೆ ಅವಿವಾಹಿತೆ, ವಿಧವೆ, ವಿಚ್ಛೇದಿತೆಯರೂ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದ್ದಕ್ಕೆ ಅವಳೂ ಸಾಕ್ಷಿಗಳೂ ಹೇಳಿಕೆ ಕೊಡಬೇಕಿತ್ತು. ಮನೆ ಎಂಥದು, ಬಾವಿ ಇದೆಯೇ, ಎಷ್ಟು ಎಕರೆ ಉತ್ತರು, ಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಸಾಕ್ಷಿ ಹೇಳಿದ ನೆರೆಯವರ ಹೆಸರನ್ನೂ ಗುರುತು ಹಾಕಿಕೊಳ್ಳಿ; ಎಷ್ಟೋ ಸಲ ಅವರಲ್ಲಿ ಅವಳ ತವರಿನವರೇ ಇರುತ್ತಾರೆ. ಒರೆಗಾನ್‌ನಲ್ಲಿ 1850ರ ಜಮೀನು ಹಂಚಿಕೆ ಕಾಯ್ದೆ ಇನ್ನೂ ಮುಂದೆ ಹೋಗಿತ್ತು. ಮೊದಲ ಹಂತದಲ್ಲಿ ಬಂದ ದಂಪತಿಗೆ ಸಿಕ್ಕ 640 ಎಕರೆಯಲ್ಲಿ ಅರ್ಧ ಹೆಂಡತಿಯ ಸ್ವಂತ ಹಕ್ಕಿನದು. ಹೀಗಾಗಿ ಆ ಕಡತಗಳಲ್ಲಿ ಮದುವೆಯ ದಿನ, ಸ್ಥಳವೂ ದಾಖಲಾಗಿರುತ್ತವೆ.

ಹಕ್ಕುಪತ್ರಗಳು ಅಮೆರಿಕದ ಭೂ ನಿರ್ವಹಣಾ ಇಲಾಖೆಯ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ತಾಣದಲ್ಲಿ ಉಚಿತವಾಗಿ ಕಾಣುತ್ತವೆ. ಪೂರ್ತಿ ಕಡತಕ್ಕೆ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಬರೆಯಬೇಕು. ಈ ನೆಲ ಮೊದಲು ಮೂಲನಿವಾಸಿಗಳದಾಗಿತ್ತು ಎಂಬುದನ್ನೂ ನಿಮ್ಮ ವಂಶಕಥೆಯಲ್ಲಿ ಬರೆಯಿರಿ. ಅದನ್ನು ಬಿಟ್ಟ ಕಥೆ ಪೂರ್ಣವಲ್ಲ ಎಂದೇ ನಾನು ನಂಬಿದ್ದೇನೆ.

4. ಯೂಟಾ ಪ್ರಾಂತ್ಯದ ಕಡೆಗೆ ಹೋದ ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಕುಟುಂಬವಾದರೆ, 1847ರಿಂದ 1868ರವರೆಗಿನ ಬಂಡಿತಂಡಗಳ ಪ್ರಯಾಣಿಕರ ಹೆಸರುಗಳನ್ನು ಅವರ ಚರ್ಚೇ ಕಲೆಹಾಕಿದೆ. ಆಗಿನ ಪತ್ರಿಕೆಗಳಿಗೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣವಿದೆ. ಅಲ್ಲಿ ಗಂಡನ ಹೆಸರಿನ ಆರಂಭದಲ್ಲಿ ‘ಮಿಸೆಸ್’ ಸೇರಿಸಿಯೂ ಹುಡುಕಿ.

5. ಗಂಡ ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಒಕ್ಕೂಟದ, ಅಂದರೆ ಉತ್ತರದ ಪಕ್ಷದ, ಸೈನಿಕನಾಗಿದ್ದನೇ? ಹಾಗಿದ್ದರೆ ವಿಧವಾ ಪಿಂಚಣಿಯ ಕಡತವನ್ನು ಎಲ್ಲಕ್ಕಿಂತ ಮೊದಲು ಕೇಳಿ. ಮದುವೆ ಎಲ್ಲಿ, ಯಾರ ಮುಂದೆ ಆಯಿತು, ಮಕ್ಕಳು ಯಾವಾಗ ಹುಟ್ಟಿದರು ಎಂಬುದನ್ನೆಲ್ಲ ಅವಳು ರುಜುವಾತು ಮಾಡಬೇಕಿತ್ತು. ಹೆರಿಗೆಗೆ ಬಂದ ಸೂಲಗಿತ್ತಿಯ ಪ್ರಮಾಣಪತ್ರ, ಮನೆಯ ಬೈಬಲ್‌ನಿಂದ ಕಿತ್ತು ಕಳಿಸಿದ ಹಾಳೆ, ಅವಳದೇ ಸಹಿ ಅಥವಾ ಗುರುತು ಅದರಲ್ಲಿ ಇರಬಹುದು. ನಕಲಿಗೆ ಅರ್ಜಿ ಹಾಕುವಾಗ ಆಯ್ದ ಪುಟಗಳು ಬೇಡ, ಇಡೀ ಕಡತವೇ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.