ಗಂಡನ ಮುತ್ತಜ್ಜನ ಜಮೀನಿನ ಫೈಲ್

ನನ್ನ ಗಂಡನ ಮುತ್ತಜ್ಜ ಜರ್ಮನಿಯಿಂದ ಬಂದು ಅಮೆರಿಕದ ನೆಬ್ರಾಸ್ಕಾದಲ್ಲಿ ಬೇಸಾಯ ಮಾಡಿದವರು. "ದೊಡ್ಡ ಮನೆ ಕಟ್ಟಿ ಬಾಳಿದವರು" ಎಂದು ಅತ್ತೆ ಹೇಳುತ್ತಿದ್ದರು. ಅದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಿರಲಿಲ್ಲ. ಹಾಸನದಿಂದ ಬಂದ ಸೊಸೆ ನಾನು ಹುಡುಕಲು ಕೂತೆ.

ಮೊದಲು ಜನಗಣತಿ ಹಿಡಿದೆ. 1880ರಲ್ಲಿ ಸಿಕ್ಕರು, ಆಮೇಲೆ ಸಿಕ್ಕಿದ್ದು 1900ರಲ್ಲಿ. ನಡುವಿನ 1890ರ ಗಣತಿ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹಾಳಾಗಿವೆ. ಹೆಸರಿನ ಕಾಟ ಬೇರೆ. ಗಣತಿಯವರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರು. ಎರಡು ತಿಂಗಳು ಬೇರೆ ಯಾರದೋ ಸಂಸಾರದ ಹಿಂದೆ ಸುಮ್ನೆ ಅಲೆದೆ.

ಕೊನೆಗೆ ದಾರಿ ತೋರಿಸಿದ್ದು ಜಮೀನು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆವರೆಗೆ ಸರ್ಕಾರಿ ಜಮೀನು ಕೊಡುತ್ತಿದ್ದರು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದ್ದೇನೆ ಎಂದು ತೋರಿಸಬೇಕು. ನನಗೆ ನಮ್ಮ ಬಗರ್ ಹುಕುಂ ನೆನಪಾಯಿತು. ನಮ್ಮಲ್ಲಿ ಉಳುಮೆ ಮೊದಲು, ಅರ್ಜಿ ಆಮೇಲೆ, ಅವರಲ್ಲಿ ಉಲ್ಟಾ. ಹಕ್ಕುಪತ್ರದ ಪ್ರತಿ ಅಲ್ಲಿನ ಸರ್ಕಾರಿ ಜಮೀನು ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಕ್ಕಿತು. ಅಲ್ಲಿಗೇ ನಿಲ್ಲಿಸಬೇಡಿ. ಅದರಲ್ಲಿ ಹೆಸರು, ನಂಬರ್, ತಾರೀಖು, ಜಮೀನಿನ ಗುರುತು ಬಿಟ್ಟರೆ ಏನಿಲ್ಲ. ಆ ನಂಬರ್ ಕೊಟ್ಟು ಸರ್ಕಾರದ ಹಳೆಯ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನಿಂದ ಪೂರ್ತಿ ಫೈಲ್ ತರಿಸಿಕೊಂಡೆ.

ಮನುಷ್ಯ ಸಿಕ್ಕಿದ್ದು ಆ ಫೈಲಿನಲ್ಲಿ. ಅವರದೇ ಹೇಳಿಕೆ, ಇಬ್ಬರು ನೆರೆಯವರ ಸಾಕ್ಷಿ, ಪೌರತ್ವದ ಕಾಗದ. ಅತ್ತೆಯ "ದೊಡ್ಡ ಮನೆ" 14 ಅಡಿಗೆ 16 ಅಡಿ, ಅದೂ ಹುಲ್ಲುಮಣ್ಣಿನದು. ಮರ ಅಪರೂಪವಾದ ಬಯಲು ಅದು. ಹುಲ್ಲನ್ನು ಬೇರು ಮಣ್ಣು ಸಮೇತ ಇಟ್ಟಿಗೆಯ ಹಾಗೆ ಕತ್ತರಿಸಿ ಗೋಡೆ ಎಬ್ಬಿಸುತ್ತಿದ್ದರು. ಒಂದು ಬಾವಿ, 40 ಎಕರೆ ಉತ್ತ ನೆಲ, ಮೆಕ್ಕೆಜೋಳ. ಕೆಳಗೆ ಅವರ ಸಹಿ. ಹೆಸರಿನ ಸರಿಯಾದ ಕಾಗುಣಿತ ಗೊತ್ತಾಗಿದ್ದು ಅದನ್ನು ನೋಡಿದ ಮೇಲೆಯೇ.

ಹೇಳಿಕೆಯಲ್ಲಿ "ಹೆಂಡತಿ, ಆರು ಮಕ್ಕಳು" ಎಂದಿತ್ತು. ನಾನು ಮತ್ತೆ 1900ರ ಗಣತಿ ತೆಗೆದೆ. ಆ ವರ್ಷ ಹೆಂಗಸರನ್ನು ಎಷ್ಟು ಹೆತ್ತಿರಿ, ಎಷ್ಟು ಉಳಿದಿವೆ ಎಂದು ಕೇಳಿದ್ದರು. ಮುತ್ತಜ್ಜಿಯ ಮುಂದೆ ಎರಡು ಅಂಕಿ: 9, 5. ಮೊದಲ ಸಲ ನೋಡಿದಾಗ ಗಮನಿಸಿಯೇ ಇರಲಿಲ್ಲ.

ಅತ್ತೆಗೆ ಹೇಳಿದೆ. ಮನೆಯ ಅಳತೆಗೆ ನಕ್ಕರು. ಆಮೇಲೆ, "ಆ ನಾಲ್ಕರ ಹೆಸರೇನು?" ಎಂದರು. ಒಬ್ಬಳದು 1880ರ ಹಾಳೆಯಲ್ಲೇ ಇತ್ತು, ಆಗ ಎರಡು ವರ್ಷದ ಮಗು. ಉಳಿದ ಮೂವರಿಗಾಗಿ ಚರ್ಚಿನ ದೀಕ್ಷಾಸ್ನಾನದ ಪುಸ್ತಕದ ಪ್ರತಿ ತರಿಸಿದ್ದೇನೆ. ಹಳೆಯ ಜರ್ಮನ್ ಕೈಬರಹ. ಒಂದು ಪುಟ ಓದಲು ಒಂದು ಸಂಜೆ ಬೇಕಾಗುತ್ತಿದೆ.