ಲಿನಕ್ಸ್ ಮಿಂಟ್: ಸಾಫ್ಟ್‌ವೇರ್ ಎಲ್ಲಿಂದ ತರಬೇಕು, ಅಪ್‌ಡೇಟ್ ಹೇಗೆ ಮಾಡಬೇಕು

ನಮ್ಮ ಮನೆಯ ಡೆಸ್ಕ್‌ಟಾಪ್, ಅಕ್ಕನ ಲ್ಯಾಪ್‌ಟಾಪ್, ಮಾವನ ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳು, ಎಲ್ಲದರಲ್ಲೂ ಲಿನಕ್ಸ್ ಮಿಂಟ್ 22 ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆ. ನೋಡಿಕೊಳ್ಳುವವಳು ನಾನು. ನನ್ನ ನಿಯಮ ಒಂದೇ: ಸಾಫ್ಟ್‌ವೇರ್ ಬರುವ ಮೂಲಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಮಿಂಟ್‌ನಲ್ಲಿ ಸಾಫ್ಟ್‌ವೇರ್ ಸಾಮಾನ್ಯವಾಗಿ ಬರುವುದು ಡೆಬ್ ಪ್ಯಾಕೇಜ್ ರೂಪದಲ್ಲಿ. ಅದು ಇನ್‌ಸ್ಟಾಲ್ ಆಗುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ, ಅಂದರೆ ಸಿಸ್ಟಮ್‌ನಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರದಲ್ಲಿ, ಓಡುತ್ತವೆ. ವಿಡಿಯೋ ನೋಡಿ ಸುಮ್ನೆ ಒಂದು ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಸಂಗ್ರಹ) ಸೇರಿಸಿದರೆ, ಅದನ್ನು ನಡೆಸುವವರಿಗೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಅದೂ ಒಂದು ಸಲಕ್ಕಲ್ಲ, ಮುಂದೆ ಬರುವ ಪ್ರತಿ ಅಪ್‌ಡೇಟ್‌ಗೂ.

ಮೊದಲು ಮೆನುವಿನಿಂದ ಸಾಫ್ಟ್‌ವೇರ್ ಸೋರ್ಸಸ್ ತೆರೆಯಿರಿ. ಅಲ್ಲಿ ಮಿರರ್, ಅಂದರೆ ಪ್ಯಾಕೇಜ್‌ಗಳ ಪ್ರತಿ ಇಟ್ಟಿರುವ ಸರ್ವರ್, ಎರಡು ಇರುತ್ತವೆ. ಮೇನ್ ಅನ್ನುವುದು ಮಿಂಟ್‌ನದು, ಬೇಸ್ ಅನ್ನುವುದು ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನದು. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಹಾಗಾಗಿ ಎರಡೂ ಬೇಕು. ಒಂದೊಂದನ್ನೇ ಕ್ಲಿಕ್ ಮಾಡಿದರೆ ಯಾವ ಸರ್ವರ್ ಎಷ್ಟು ವೇಗ ಅಂತ ಅದೇ ಅಳೆದು ತೋರಿಸುತ್ತದೆ. ಮೇಲೆ ಬಂದದ್ದನ್ನು ಆರಿಸಿ. ರೋಮಿಯೋ ಅನ್ನುವ ಆಯ್ಕೆಯನ್ನು ಮುಟ್ಟಬೇಡಿ, ಅದು ಇನ್ನೂ ಪರೀಕ್ಷೆಯಲ್ಲಿರುವ ಪ್ಯಾಕೇಜ್‌ಗಳಿಗೆ.

ದಿನದ ಕೆಲಸಕ್ಕೆ ಬೇಕಾದ ಬಹುಪಾಲು ಸಾಫ್ಟ್‌ವೇರ್ ಈ ಎರಡು ಮೂಲಗಳಲ್ಲೇ ಸಿಗುತ್ತದೆ. ನಮ್ಮ ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಇವೆ! ಹೊಸ ಮೆಷಿನ್‌ಗೆ ನಾನು ಮೊದಲು ಹಾಕುವುದು ಅವನ್ನೇ. ಬೇರೆ ಸೈಟ್‌ನಿಂದ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ಇಂಕ್‌ಸ್ಕೇಪ್‌ನಂಥ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ಒಂದರ ಹೊಸ ಆವೃತ್ತಿ ಬೇಕೇ ಬೇಕು ಅಂದರೆ ಡೆಬ್ ಬದಲು ಫ್ಲಾಟ್‌ಪ್ಯಾಕ್ ಅನ್ನುವ ಬೇರೆ ಬಗೆಯ ಪ್ಯಾಕೇಜ್ ತೆಗೆದುಕೊಳ್ಳಿ. ಅದು ಸಿಸ್ಟಮ್‌ನ ಲೈಬ್ರರಿಗಳಿಗೆ ಕೈ ಹಾಕುವುದಿಲ್ಲ. ಆದರೆ ಮೊದಲ ಸಲ ರನ್‌ಟೈಮ್ (ಅದು ಓಡಲು ಬೇಕಾದ ಲೈಬ್ರರಿಗಳ ಕಟ್ಟು) ಕೂಡ ಇಳಿಯುವುದರಿಂದ ಡೇಟಾ ಜಾಸ್ತಿ ಬೇಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬೇಡ. ತಯಾರಕರು ಯಾರೆಂದು ದೃಢಪಡದ ಫ್ಲಾಟ್‌ಪ್ಯಾಕ್‌ಗಳನ್ನು ಮಿಂಟ್ 22 ತೋರಿಸುವುದಿಲ್ಲ. ಆ ಸೆಟ್ಟಿಂಗ್ ಹಾಗೇ ಇರಲಿ.

ಈಗಾಗಲೇ ಪಿಪಿಎಗಳಿವೆಯಾ? ಬೇಡವಾದದ್ದನ್ನು ಸಾಫ್ಟ್‌ವೇರ್ ಸೋರ್ಸಸ್‌ನಲ್ಲೇ ತೆಗೆಯಿರಿ. ಆದರೆ ಪಟ್ಟಿಯಿಂದ ತೆಗೆದರೆ ಅಲ್ಲಿಂದ ಬಂದ ಪ್ಯಾಕೇಜ್ ಹೋಗುವುದಿಲ್ಲ. ಅಪ್‌ಡೇಟ್ ಸಿಗದೆ ಹಳೆಯದಾಗಿ ಉಳಿಯುತ್ತದೆ, ಇದು ಇನ್ನೂ ಅಪಾಯ. ಮೇಂಟೆನೆನ್ಸ್ ಭಾಗದಲ್ಲಿ ಹೊರಗಿನ ಪ್ಯಾಕೇಜ್‌ಗಳನ್ನು ಡೌನ್‌ಗ್ರೇಡ್ ಮಾಡುವ (ಮಿಂಟ್‌ನ ಮೂಲದ ಆವೃತ್ತಿಗೆ ಇಳಿಸುವ), ಅಳಿಸುವ ಆಯ್ಕೆಗಳಿವೆ. ಪಟ್ಟಿ ಓದಿ, ಬೇಕಾದದ್ದಕ್ಕೆ ಮಾತ್ರ ಟಿಕ್ ಹಾಕಿ.

ಅಪ್‌ಡೇಟ್‌ಗೆ ಮುಂಚೆ ಟೈಮ್‌ಶಿಫ್ಟ್ ಹೊಂದಿಸಿಕೊಳ್ಳಿ. ಇದು ಸಿಸ್ಟಮ್‌ನ ಆಗಿನ ಸ್ಥಿತಿಯ ಪ್ರತಿಯನ್ನು, ಅಂದರೆ ಸ್ನ್ಯಾಪ್‌ಶಾಟ್ ಅನ್ನು, ತೆಗೆದಿಡುತ್ತದೆ. ಸ್ನ್ಯಾಪ್‌ಶಾಟ್ ಇದ್ದರೆ ಸಿಸ್ಟಮ್ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ಹೊರಗಿನ ಡಿಸ್ಕ್ ಬಳಸುವುದಾದರೆ ಅದು ಎಕ್ಸ್ಟ್4ನಂಥ ಲಿನಕ್ಸ್ ಫಾರ್ಮ್ಯಾಟ್‌ನಲ್ಲಿರಬೇಕು. ನಾವಾಗಿ ಹೇಳದಿದ್ದರೆ ಟೈಮ್‌ಶಿಫ್ಟ್ ಹೋಮ್ ಫೋಲ್ಡರ್ ಅನ್ನು ಸೇರಿಸಿಕೊಳ್ಳುವುದಿಲ್ಲ. ಫೋಟೋ, ಬಿಲ್ಲು, ಗ್ರಾಹಕರ ಫೈಲ್‌ಗಳ ಬ್ಯಾಕಪ್ ಬೇರೆಯೇ ಮಾಡಬೇಕು.

ಆಮೇಲೆ ಅಪ್‌ಡೇಟ್ ಮ್ಯಾನೇಜರ್ ಒಂದೇ ಸಾಕು. ಡೆಬ್, ಫ್ಲಾಟ್‌ಪ್ಯಾಕ್ ಎರಡನ್ನೂ ಅದು ನೋಡಿಕೊಳ್ಳುತ್ತದೆ. ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ, ಅದರಲ್ಲೂ ಬ್ರೌಸರ್‌ನದು. ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಸಿಸ್ಟಮ್‌ನ ತಿರುಳು) ಬಂದಿದ್ದರೆ ಅಂಗಡಿಯಲ್ಲಿ ಸಂಜೆ ಕೆಲಸ ಮುಗಿದ ಮೇಲೆ ಹಾಕುತ್ತೇನೆ. ರೀಸ್ಟಾರ್ಟ್ ಮಾಡಿ ಪ್ರಿಂಟರ್, ವೈಫೈ, ಸ್ಲೀಪ್ ಮೂರನ್ನೂ ನೋಡುತ್ತೇನೆ. ಏನಾದರೂ ಕೈಕೊಟ್ಟರೆ ಬೂಟ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಸಿಗುತ್ತದೆ. ಹೊಸದು ಸರಿ ಇದೆ ಅಂತ ಖಾತ್ರಿಯಾಗುವವರೆಗೆ ಹಳೆಯದನ್ನು ಅಳಿಸಬೇಡಿ.