ಸರ್ವರಿನ ಫರ್ಮ್‌ವೇರ್ ಪರಿಸರದಲ್ಲಿ ಅಳವಡಿಕೆ ಮತ್ತು ವಾರ್ಷಿಕ ನಿರ್ವಹಣೆ

ಮಂಗಳೂರು, ಉಡುಪಿಯ ಸಹಕಾರಿ ಸಂಘಗಳಲ್ಲೂ ನರ್ಸಿಂಗ್ ಹೋಮ್‌ಗಳಲ್ಲೂ ಸಾಮಾನ್ಯವಾಗಿ ಒಂದೋ ಎರಡೋ ಸರ್ವರುಗಳೇ ಇಡೀ ವ್ಯವಹಾರವನ್ನು ಹೊತ್ತಿರುತ್ತವೆ. ಅವುಗಳ ನಿರ್ವಹಣೆಗೆ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಮೊದಲು ಸಿಗುವ ವಾರಗಳೇ ತಕ್ಕವು. ಜೂನ್ ಬಂತೆಂದರೆ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಯಾವಾಗ ಹೋದೀತೆಂದು ಹೇಳಲಾಗದು. ದಿನ ಗೊತ್ತು ಮಾಡುವ ಮುನ್ನ ಪತ್ರಿಕೆಯಲ್ಲಿ ಬರುವ ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆಯನ್ನು ನೋಡಿಕೊಳ್ಳಿ.

ಈ ಕೆಲಸವನ್ನು ವಿಂಡೋಸ್ ಅಥವಾ ಲಿನಕ್ಸ್‌ನ ಒಳಗಿನಿಂದ ಮಾಡುವುದಕ್ಕಿಂತ, ಮದರ್‌ಬೋರ್ಡಿನಲ್ಲೇ ಇರುವ ಫರ್ಮ್‌ವೇರ್ (ಯಂತ್ರಾಂಗದೊಳಗೇ ಬರೆದಿಟ್ಟ ಸಾಫ್ಟ್‌ವೇರ್) ಪರಿಸರದಿಂದ ಮಾಡುವುದು ಮೇಲು. ಹಾರ್ಡ್ ಡಿಸ್ಕ್ ಕೆಟ್ಟಿದ್ದರೂ, ಆಪರೇಟಿಂಗ್ ಸಿಸ್ಟಮ್ ಇಲ್ಲದಿದ್ದರೂ ಅದು ತೆರೆದುಕೊಳ್ಳುತ್ತದೆ. ಆದ್ದರಿಂದ ದೋಷ ಯಂತ್ರದಲ್ಲಿದೆಯೋ ಸಾಫ್ಟ್‌ವೇರಿನಲ್ಲಿದೆಯೋ ಎಂಬುದನ್ನು ಅಲ್ಲಿ ಬೇರ್ಪಡಿಸಿ ನೋಡಬಹುದು. ಡೆಲ್ ಪವರ್‌ಎಡ್ಜ್‌ನಲ್ಲಿ ಇದು ಲೈಫ್‌ಸೈಕಲ್ ಕಂಟ್ರೋಲರ್, ಎಚ್‌ಪಿಇ ಪ್ರೊಲಯಂಟ್‌ನಲ್ಲಿ ಇಂಟೆಲಿಜೆಂಟ್ ಪ್ರಾವಿಷನಿಂಗ್. ಎರಡಕ್ಕೂ ಯಂತ್ರ ಏಳುವಾಗ ಎಫ್10 ಒತ್ತಬೇಕು. ಮುಂದಿನ ವಿವರಗಳು ಡೆಲ್ ಯಂತ್ರಕ್ಕೆ ಸಂಬಂಧಿಸಿದವು. ಎಫ್10ಕ್ಕೆ ಸ್ಪಂದನೆ ಇಲ್ಲದಿದ್ದರೆ ಎಫ್2 ಒತ್ತಿ, ಐಡ್ರ್ಯಾಕ್ (ಸರ್ವರನ್ನು ದೂರದಿಂದ ನಿರ್ವಹಿಸಲು ಅದರಲ್ಲೇ ಇರುವ ಘಟಕ) ಸೆಟ್ಟಿಂಗ್ಸ್‌ನಲ್ಲಿ ಲೈಫ್‌ಸೈಕಲ್ ಕಂಟ್ರೋಲರ್ ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಿ. ಮರುಚಾಲನೆಯಾದಾಗಲೆಲ್ಲ ಯಂತ್ರಾಂಗಗಳ ಪಟ್ಟಿಯನ್ನು ನವೀಕರಿಸುವ ಆಯ್ಕೆಯೂ ಅಲ್ಲೇ ಇದೆ. ಅದು ಆನ್ ಆಗಿರಲಿ.

ಹೊಸ ಯಂತ್ರವಾದರೆ ಮೊದಲು ಐಡ್ರ್ಯಾಕ್‌ಗೆ ಐಪಿ ವಿಳಾಸ ಕೊಟ್ಟು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ. ಹಳೆಯ ಯಂತ್ರಗಳಲ್ಲಿ ‘ರೂಟ್’ ಮತ್ತು ‘ಕ್ಯಾಲ್ವಿನ್’ ಎಂಬ, ಲೋಕಕ್ಕೆಲ್ಲ ಗೊತ್ತಿರುವ ಜೋಡಿಯೇ ಇನ್ನೂ ಉಳಿದಿರುವ ಸಾಧ್ಯತೆ ಇದೆ. ಬೂಟ್ ಕ್ರಮ, ಅಂದರೆ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ವಿಧಾನ, ಹಳೆಯ ಬಯಾಸ್ ಬದಲು ಹೊಸ ಯುಇಎಫ್ಐ ಆಗಿರಲಿ, ಏಕೆಂದರೆ 2 ಟಿಬಿಗಿಂತ ದೊಡ್ಡ ಡಿಸ್ಕಿನಿಂದ ವಿಂಡೋಸ್ ಸರ್ವರ್ ಬೂಟ್ ಆಗಬೇಕಾದರೆ ಜಿಪಿಟಿ ಎಂಬ ಹೊಸ ಬಗೆಯ ಡಿಸ್ಕ್ ವಿಭಜನೆಯೂ ಯುಇಎಫ್ಐಯೂ ಬೇಕು. ಆದರೆ ಈಗಾಗಲೇ ಓಡುತ್ತಿರುವ ಸರ್ವರಿನಲ್ಲಿ ಇದನ್ನು ಮುಟ್ಟಬೇಡಿ. ಹಳೆಯ ಬಯಾಸ್ ಕ್ರಮದಲ್ಲಿ ಅಳವಡಿಸಿದ ಸಿಸ್ಟಮ್, ಕ್ರಮ ಬದಲಾದರೆ ಬೂಟ್ ಆಗುವುದಿಲ್ಲ. ಅನಂತರ ಹೊಸ ಯಂತ್ರದಲ್ಲಿ ರೇಡ್ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವ್ಯವಸ್ಥೆ) ರಚಿಸಿ: ಆಪರೇಟಿಂಗ್ ಸಿಸ್ಟಮ್‌ಗೆ ರೇಡ್ 1, ದತ್ತಾಂಶದ ದೊಡ್ಡ ಡಿಸ್ಕುಗಳಿಗೆ ರೇಡ್ 6 ಎಂಬುದು ನನ್ನ ಅಭಿಪ್ರಾಯ. ದೊಡ್ಡ ಡಿಸ್ಕನ್ನು ಮರುನಿರ್ಮಿಸಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಕೆಟ್ಟರೆ ರೇಡ್ 5 ತಡೆಯದು. ಓಎಸ್ ಡಿಪ್ಲಾಯ್‌ಮೆಂಟ್ ವಿಭಾಗದಲ್ಲಿ ಸಿಸ್ಟಮ್ ಯಾವುದೆಂದು ಆರಿಸಿದರೆ ಬೇಕಾದ ಡ್ರೈವರುಗಳನ್ನು ಯಂತ್ರವೇ ಒದಗಿಸುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಫರ್ಮ್‌ವೇರ್ ನವೀಕರಣಕ್ಕೆ. ದತ್ತಾಂಶದ ಬ್ಯಾಕಪ್ ತೆಗೆದು, ಅದರಿಂದ ಒಂದೆರಡು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡದೆ ಆರಂಭಿಸಬೇಡಿ. ಯಂತ್ರಾಂಗಗಳ ಪಟ್ಟಿಯನ್ನು ಪೆನ್ ಡ್ರೈವಿಗೆ ರಫ್ತು ಮಾಡಿ, ಬಯಾಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳು) ಮತ್ತು ರೇಡ್‌ನ ಪ್ರತಿಯೊಂದು ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಹಳ್ಳಿಯ ಶಾಖೆಯಲ್ಲಿ ಇಷ್ಟು ಸರಳವಾದ ದಾಖಲೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸರ್ವರಿನ ಮೇಲಿರುವ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್ ಕೊಟ್ಟು ತಯಾರಕರ ತಾಣದಿಂದ ಕಡತಗಳನ್ನು ಹಿಂದಿನ ದಿನವೇ ಇಳಿಸಿಕೊಂಡು, ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ಹಾಕಿ, ಏಕೆಂದರೆ ಕೆಲಸದ ನಡುವೆ ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಇಡೀ ಭಾನುವಾರ ವ್ಯರ್ಥ. ಸರ್ವರಿನಲ್ಲಿ ಲಿನಕ್ಸ್ ಇದ್ದರೂ ಇಲ್ಲಿಗೆ ಬೇಕಾದದ್ದು 64 ಬಿಟ್ ವಿಂಡೋಸ್‌ಗಾಗಿ ಇರುವ ನವೀಕರಣ ಕಡತ. ಇದರಲ್ಲಿ ಎಡವುವವರು ಬಹಳ.

ಫರ್ಮ್‌ವೇರ್ ಅಪ್‌ಡೇಟ್ ತೆರೆದು ಯುಎಸ್‌ಬಿ ಆರಿಸಿ, ಮೊದಲು ಐಡ್ರ್ಯಾಕ್, ಆಮೇಲೆ ಬಯಾಸ್, ಕೊನೆಗೆ ರೇಡ್ ಮತ್ತು ನೆಟ್‌ವರ್ಕ್ ಕಾರ್ಡುಗಳು ಎಂಬ ಕ್ರಮದಲ್ಲಿ ಮುಂದುವರಿಯಿರಿ. ಯುಪಿಎಸ್ ಬ್ಯಾಟರಿ ತುಂಬಿರಬೇಕು, ಜನರೇಟರ್ ಇದ್ದರೆ ಡೀಸೆಲ್ ಇದೆಯೇ ನೋಡಬೇಕು. ಪರದೆ ಕಪ್ಪಾಗಿ, ಫ್ಯಾನುಗಳು ಜೋರಾಗಿ ತಿರುಗಿ, ನಿಮಿಷಗಟ್ಟಲೆ ಏನೂ ನಡೆಯದಂತೆ ತೋರಿದರೂ ಪವರ್ ಬಟನ್ ಒತ್ತಬಾರದು. ಬರೆಯುತ್ತಿರುವಾಗ ಕರೆಂಟ್ ತಪ್ಪಿದರೆ ಯಂತ್ರ ಏಳದೇ ಹೋಗಬಹುದು. ಹೊಸ ಆವೃತ್ತಿ ತೊಂದರೆ ಕೊಟ್ಟರೆ ರೋಲ್‌ಬ್ಯಾಕ್‌ನಿಂದ ಹಿಂದಿನದಕ್ಕೆ ಮರಳಬಹುದು.

ಹಾರ್ಡ್‌ವೇರ್ ಡಯಾಗ್ನಾಸ್ಟಿಕ್ಸ್ ಎಂಬ ಯಂತ್ರಾಂಗಗಳ ಪರೀಕ್ಷೆಗೆ, ಮೆಮೊರಿ ಹೆಚ್ಚಿದ್ದರೆ, ಗಂಟೆಗಳೇ ಬೇಕಾಗುತ್ತವೆ. ದೋಷ ಕಂಡರೆ ಅದರ ಸಂಕೇತವನ್ನು ಬರೆದುಕೊಳ್ಳಿ. ಯಂತ್ರದಲ್ಲಿ ನಡೆದ ಘಟನೆಗಳ ದಾಖಲೆಯಾದ ಲೈಫ್‌ಸೈಕಲ್ ಲಾಗ್ ಓದುವುದನ್ನು ಮಾತ್ರ ಬಿಡಬೇಡಿ. ಕಳೆದ ಮಳೆಗಾಲದಲ್ಲಿ ಪವರ್ ಸಪ್ಲೈಗೆ ಕರೆಂಟ್ ತಪ್ಪಿದ ಸಾಲುಗಳು ಸಾಲುಸಾಲಾಗಿದ್ದರೆ ಯುಪಿಎಸ್ ಬ್ಯಾಟರಿ ಪರೀಕ್ಷಿಸಬೇಕು. ಒಂದೇ ಸ್ಲಾಟಿನ ಮೆಮೊರಿ ದೋಷ ಮತ್ತೆ ಮತ್ತೆ ಬಂದಿದ್ದರೆ ಉಪ್ಪುಗಾಳಿಗೆ ಸಂಪರ್ಕಬಿಂದುಗಳು ಕಪ್ಪಿಟ್ಟಿವೆಯೇ ಎಂದು ನೋಡಿ, ಮೆಮೊರಿಯನ್ನು ತೆಗೆದು ಮತ್ತೆ ಕೂರಿಸಬೇಕು. ಗಡಿಯಾರ ಹಿಂದೆ ಬಿದ್ದಿದ್ದರೆ ಸಿಆರ್2032 ಬ್ಯಾಟರಿ ಬದಲಿಸಿ.

ಹಾರ್ಡ್‌ವೇರ್ ಕಾನ್ಫಿಗರೇಷನ್‌ನಲ್ಲಿ ರೀಪರ್ಪಸ್ ಆರ್ ರಿಟೈರ್ ಸಿಸ್ಟಮ್ ಎಂಬ ಆಯ್ಕೆ ಇದೆ. ಡಿಸ್ಕಿನ ದತ್ತಾಂಶವನ್ನೂ ಸೆಟ್ಟಿಂಗುಗಳನ್ನೂ ಅಳಿಸಲು ಇರುವ ಅದನ್ನು ಗುಜರಿಗೆ ಕೊಡುವ ಯಂತ್ರಕ್ಕಷ್ಟೇ ಬಳಸಿ. ಕೆಲಸ ಮುಗಿದ ಮೇಲೆ ಪೆನ್ ಡ್ರೈವ್ ತೆಗೆದು, ಬೂಟ್ ಕ್ರಮವನ್ನು ಚಿತ್ರದೊಡನೆ ಹೋಲಿಸಿ, ಸಿಸ್ಟಮ್ ಎದ್ದ ಬಳಿಕ ರೇಡ್ ಸ್ಥಿತಿ ಮತ್ತು ದಿನಾಂಕ ಸರಿಯಿವೆಯೇ ನೋಡಿ, ಒಂದು ಪರೀಕ್ಷಾ ರಸೀದಿ ಮುದ್ರಿಸಿಕೊಂಡು, ಹೊಸ ಆವೃತ್ತಿಗಳನ್ನು ರಿಜಿಸ್ಟರಿನಲ್ಲಿ ಬರೆದಿಡಿ.